ದಾಬಸ್‌ಪೇಟೆ ಹತ್ತಿರದ ಸರಕು ಕೇಂದ್ರ: ಹೇಳುವ ಲಾಭದಲ್ಲಿ ನಮ್ಮ ಊರಿಗೆ ದಕ್ಕುವುದು ಎಷ್ಟು?

ಶಿವಗಂಗೆ ಪಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮದು ದಾಬಸ್‌ಪೇಟೆ ಪಕ್ಕದ ಸಣ್ಣ ಹಳ್ಳಿ. ಜಗಲಿಯಲ್ಲಿ ಕೂತರೆ ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ತುಮಕೂರಿಗೆ ಹೋಗುವ ರೈಲು. ಹದಿನೈದು ವರ್ಷದ ಹಿಂದೆ ರಾತ್ರಿ ಎಂಟಾದರೆ ನಾಯಿ ಬೊಗಳುವುದು ಬಿಟ್ಟು ಬೇರೆ ಸದ್ದೇ ಇರಲಿಲ್ಲ. ಈಗ ಸುತ್ತಲೂ ಕಾರ್ಖಾನೆ, ಗೋಡೌನ್, ಲೇಔಟ್. ರಾಗಿ ಹೊಲದ ಮಧ್ಯೆ ಸೈಟಿನ ಕಲ್ಲುಗಳು ನಿಂತಿವೆ.

ಮುದ್ದಲಿಂಗನಹಳ್ಳಿ ಕಡೆ 400 ಎಕರೆಯಲ್ಲಿ, ರೈಲಿಗೂ ಲಾರಿಗೂ ನಡುವೆ ಮಾಲು ಬದಲಿಸುವ ದೊಡ್ಡ ಸರಕು ಕೇಂದ್ರ ಬರುತ್ತಿದೆ, ಸುಮಾರು 1,770 ಕೋಟಿ ರೂಪಾಯಿ ಯೋಜನೆ. ಇದು ನಿಮಗೆಲ್ಲ ಗೊತ್ತಿರುವ ವಿಷಯವೇ. ರೈಲ್ವೆಯವರ ವಾದ ಹೀಗಿದೆ: ರಸ್ತೆ ಮೇಲೆ ಲಾರಿ ಕಡಿಮೆಯಾಗುತ್ತದೆ, ಸಾಗಣೆ ಖರ್ಚು ಇಳಿಯುತ್ತದೆ, ಹೊಗೆ ಕಡಿಮೆ, ಊರಿಗೆ ಕೆಲಸ ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಲಾರಿ ಕಡಿಮೆಯಾಗುವುದು ಯಾರ ರಸ್ತೆಯಲ್ಲಿ? ಕೆಲಸ ಸಿಗುವುದು ಯಾರಿಗೆ? ಬರುವ ಭಾನುವಾರ ನಮ್ಮಲ್ಲಿ ಗ್ರಾಮಸಭೆ ಇದೆ. ಸುಮ್ನೆ ಬೇಕು ಅಥವಾ ಬೇಡ ಅಂತ ಕೂಗಿ ಬರುವುದಕ್ಕಿಂತ ಸರಿಯಾದ ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ಆಸೆ. ತಿಳಿದವರು ಹೇಳಿ.

ಕಡತ ಓದುವವ
ಮೊದಲು ಒಂದು ತಿದ್ದುಪಡಿ ಸಾರ್. ಇದು ರೈಲ್ವೆಯದ್ದೊಂದೇ ಯೋಜನೆ ಅಲ್ಲ. ಹೆದ್ದಾರಿ ಪ್ರಾಧಿಕಾರದ ಕಂಪನಿ ಎನ್‌ಎಚ್‌ಎಲ್‌ಎಂಎಲ್, ರೈಲ್ವೆ ಕಡೆಯಿಂದ ಆರ್‌ವಿಎನ್‌ಎಲ್, ರಾಜ್ಯದ ಕಡೆಯಿಂದ ಕೆಐಎಡಿಬಿ, ಮೂರೂ ಸೇರಿವೆ. ಕಟ್ಟಿ ನಡೆಸುವುದು ಖಾಸಗಿಯವರು, 45 ವರ್ಷದ ಕರಾರು. ಉತ್ತರಕ್ಕೆ ಬೆಂಗಳೂರು–ಹುಬ್ಬಳ್ಳಿ–ಮುಂಬೈ ರೈಲು ದಾರಿ, ಪೂರ್ವಕ್ಕೆ ಉಪನಗರ ವರ್ತುಲ ರಸ್ತೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಅನ್ನುವುದೇ ಮೊದಲ ಪ್ರಶ್ನೆ. ರಸ್ತೆ ಕೇಳಿದರೆ ರೈಲ್ವೆ ಕಡೆ ಕೈ ತೋರಿಸುತ್ತಾರೆ, ಗೇಟ್ ಕೇಳಿದರೆ ರಸ್ತೆಯವರ ಕಡೆ.

ಶಿವಗಂಗೆ ಪಕ್ಕ
ಒಳ್ಳೆಯದಾಯಿತು ಹೇಳಿದ್ದು. ನಮ್ಮಲ್ಲಿ ಎಲ್ಲರೂ ರೈಲ್ವೆಯದ್ದು ಅಂತಲೇ ಮಾತಾಡುತ್ತಾರೆ.

ಹಸಿರು ಬಾವುಟ
ನಾನು ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತನಾದವನು. ಗೂಡ್ಸ್ ಕೆಲಸದಲ್ಲೇ ತಲೆ ಹಣ್ಣಾಗಿದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ರೈಲ್ವೆಯ ವಾದ ಸುಳ್ಳಲ್ಲ. ಸಿಮೆಂಟ್, ಗೊಬ್ಬರ, ಅಕ್ಕಿ ಬರುವ ಮುಚ್ಚಿದ ವ್ಯಾಗನ್‌ನ ಒಂದು ರೇಕ್ ಅಂದರೆ 42 ವ್ಯಾಗನ್. ಒಟ್ಟು ಸುಮಾರು 2,600 ಟನ್. ಹತ್ತು ಚಕ್ರದ ಲಾರಿ ಒಂದು ಸಲಕ್ಕೆ 19 ಟನ್ ಹೊರುತ್ತದೆ ಅಂದುಕೊಳ್ಳಿ. ಒಂದು ರೇಕ್ ಬಂದರೆ ದೂರದ ಹೆದ್ದಾರಿಯಲ್ಲಿ 140 ಲಾರಿ ಕಡಿಮೆ. ಡೀಸೆಲ್ ಉಳಿತಾಯ ಬೇರೆ, ಈ ದಾರಿ ಪೂರ್ತಿ ವಿದ್ಯುತ್ ಆಗಿದೆ. ದೇಶದ ಸರಕಿನಲ್ಲಿ ಈಗ ರೈಲಿನ ಪಾಲು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದನ್ನು 2030ಕ್ಕೆ 45 ಶೇಕಡಾಕ್ಕೆ ಏರಿಸಬೇಕು ಅನ್ನುವ ಗುರಿ ಇದೆ. ಸರಕು ಇಳಿಸಲು ಜಾಗವೇ ಇಲ್ಲದಿದ್ದರೆ ಆ ಗುರಿ ಮುಟ್ಟುವುದು ಹೇಗೆ?

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಳೆಯ ಗೂಡ್ಸ್ ಶೆಡ್‌ಗಳಲ್ಲಿ ಲೈನ್ ಗಿಡ್ಡ. ಪೂರ್ತಿ ರೇಕ್ ನಿಲ್ಲಲು 700 ಮೀಟರ್ ಹತ್ತಿರ ಬೇಕು. ಇಲ್ಲದಿದ್ದರೆ ರೇಕ್ ಕತ್ತರಿಸಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಇಡಬೇಕು. ಆ ಶಂಟಿಂಗ್ ಮುಗಿಯುವವರೆಗೆ ಪ್ಯಾಸೆಂಜರ್ ಗಾಡಿ ಹೊರಗಡೆ ಸಿಗ್ನಲ್‌ನಲ್ಲಿ ಕಾಯುತ್ತದೆ. ಹೊಸ ಜಾಗದಲ್ಲಿ ಪೂರ್ತಿ ಉದ್ದದ ಲೈನ್ ಹಾಕಿದರೆ ನಿಮ್ಮ ಬೆಳಗಿನ ತುಮಕೂರು ಗಾಡಿಗೂ ಒಳ್ಳೆಯದು.

ಎಂಟೂವರೆ ಗಾಡಿ
ದಯವಿಟ್ಟು ಅದೊಂದು ಆಗಲಿ ಸಾರ್. ಆರು ವರ್ಷದಿಂದ ದಿನಾ ಓಡಾಡುತ್ತಿದ್ದೇನೆ. ಗೂಡ್ಸ್ ಗಾಡಿ ಮುಂದೆ ಹೋಗಲಿ ಅಂತ ನಿಲ್ಲಿಸಿದ ದಿನ ಆಫೀಸಿನಲ್ಲಿ ಅರ್ಧ ದಿನ ರಜೆ ಬೀಳುತ್ತದೆ.

ಟಾರ್ಪಾಲು
ಹಸಿರು ಬಾವುಟ ಸಾರ್, ಲೆಕ್ಕ ಸರಿ. ಆದರೆ ಅರ್ಧ ಲೆಕ್ಕ ಮಾತ್ರ ಹೇಳಿದಿರಿ. ನಾನು ಲಾರಿ ಓಡಿಸುವವನು, ಈಗ ಎರಡು ಗಾಡಿ ಸ್ವಂತದ್ದು.

ಆ 140 ಲಾರಿ ಎಲ್ಲಿಗೂ ಹೋಗಿಲ್ಲ. ರೈಲಿನಿಂದ ಇಳಿದ ಮಾಲು ತಾನೇ ನಡೆದು ಗೋಡೌನಿಗೆ ಹೋಗುವುದಿಲ್ಲ ಅಲ್ವಾ? ಅಷ್ಟೂ ಟ್ರಿಪ್ ಶೆಡ್‌ನಿಂದಲೇ ಹೊರಡಬೇಕು. ಹೆದ್ದಾರಿಯಲ್ಲಾದರೆ ಅವು ಇಡೀ ದಿನ, ಇಡೀ ರಾತ್ರಿ ಹಂಚಿಹೋಗುತ್ತವೆ. ಇಲ್ಲಿ ರೇಕ್ ಬಂದ ತಕ್ಷಣ ಎಲ್ಲವೂ ಒಂದೇ ಗೇಟಿಗೆ ಬರುತ್ತವೆ. ಯಾಕೆಂದರೆ ಖಾಲಿ ಮಾಡಲು ಕೊಡುವ ಸಮಯ ಲೆಕ್ಕದ್ದು.

ಹಸಿರು ಬಾವುಟ
ಒಪ್ಪಿದೆ. ಸಾಮಾನ್ಯ ಶೆಡ್‌ನಲ್ಲಿ ಅಂಥ ರೇಕ್‌ಗೆ 9 ಗಂಟೆ. ಮೀರಿದರೆ ವ್ಯಾಗನ್ ಒಂದಕ್ಕೆ ಗಂಟೆಗೆ 150 ರೂಪಾಯಿ ಡೆಮರೇಜ್. 42 ವ್ಯಾಗನ್ ಅಂದರೆ ಗಂಟೆಗೆ 6,300. ಇಳಿಸಿದ ಮಾಲು ಅಲ್ಲೇ ಬಿಟ್ಟರೆ ವಾರ್ಫೇಜ್ ಶುಲ್ಕ ಬೇರೆ. ಅದಕ್ಕೇ ಎಲ್ಲರಿಗೂ ಅವಸರ.

ಟಾರ್ಪಾಲು
ಹಾಗಾದರೆ 9 ಗಂಟೆಗೆ 140 ಟ್ರಿಪ್. ನಾಲ್ಕು ನಿಮಿಷಕ್ಕೆ ಒಂದು ತುಂಬಿದ ಲಾರಿ ಹೊರಗೆ, ನಾಲ್ಕು ನಿಮಿಷಕ್ಕೆ ಒಂದು ಖಾಲಿ ಲಾರಿ ಒಳಗೆ. ಅಂದರೆ ಎರಡು ನಿಮಿಷಕ್ಕೊಂದು ಲಾರಿ ಶಿವಗಂಗೆ ಪಕ್ಕ ಅಣ್ಣನ ಜಗಲಿ ಮುಂದೆ. ಅದೂ ಒಂದೇ ರೇಕ್ ಬಂದ ದಿನ. ರೇಕ್ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಶುರು.

ನಾನು ಯೋಜನೆ ಬೇಡ ಅನ್ನುತ್ತಿಲ್ಲ. ನಮಗೂ ಬಾಡಿಗೆ ಬೇಕು. ಶೆಡ್‌ನ ಗೇಟಿನಿಂದ ನೇರ ಹೆದ್ದಾರಿಗೆ ಬೇರೆ ರಸ್ತೆ ಇರಬೇಕು, ಊರೊಳಗಿನ ರಸ್ತೆ ಮುಟ್ಟಬಾರದು. ಒಳಗಡೆಯೇ ಲಾರಿ ನಿಲ್ಲಿಸಲು ಜಾಗ ಇರಬೇಕು. ಜಾಗ ಇಲ್ಲದ ಒಂದು ಶೆಡ್‌ನಲ್ಲಿ ನಾನು ರಸ್ತೆ ಬದಿ ಹದಿನಾಲ್ಕು ಗಂಟೆ ಸಾಲಿನಲ್ಲಿ ನಿಂತಿದ್ದೇನೆ. ಪಕ್ಕದ ಮನೆಯವರು ಬಂದು ಬೈದರು. ಅವರದ್ದೂ ತಪ್ಪಲ್ಲ, ಅವರ ಬಾಗಿಲಿಗೇ ಅಡ್ಡ ನಿಂತಿದ್ದೆ.

ಶಿವಗಂಗೆ ಪಕ್ಕ
ಅಣ್ಣ, ಎರಡು ನಿಮಿಷದ ಲೆಕ್ಕ ಓದಿ ನಮ್ಮ ತಂದೆಗೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಶಾಲೆ ಮಕ್ಕಳು ಯಾವ ಕಡೆಯಿಂದ ದಾಟುತ್ತಾರೆ ಅಂತ ಕೇಳು" ಅಂದರು.

ಮಿಡಿಸೌತೆ
ಎಲ್ಲರೂ ಸಿಮೆಂಟ್ ಮೂಟೆ ಬಗ್ಗೆ ಮಾತಾಡುತ್ತಿದ್ದೀರಿ. ಕಂಟೇನರ್ ಕಥೆ ಬೇರೆ. ನಾನು ತುಮಕೂರು ಕಡೆ ಮಿಡಿಸೌತೆ ರಫ್ತಿನ ಘಟಕದಲ್ಲಿ ಕೆಲಸ ಮಾಡುತ್ತೇನೆ. ರೈತರಿಂದ ಕಾಯಿ ತಂದು, ಉಪ್ಪುನೀರಿನಲ್ಲಿಟ್ಟು, ಡ್ರಮ್ ತುಂಬಿ ಹೊರದೇಶಕ್ಕೆ ಕಳಿಸುವುದು.

ರೈಲಿನಲ್ಲಿ ಬಂದರಿಗೆ ಕಳಿಸಬೇಕು ಅಂದರೆ ಕಂಟೇನರ್ ವೈಟ್‌ಫೀಲ್ಡ್‌ನ ಡಿಪೋಗೆ ಹೋಗಬೇಕು. ನಾವಿರುವುದು ಬೆಂಗಳೂರಿನ ಪಶ್ಚಿಮಕ್ಕೆ, ವೈಟ್‌ಫೀಲ್ಡ್ ಪೂರ್ವಕ್ಕೆ. ನಡುವೆ ಇಡೀ ಬೆಂಗಳೂರು. ಹಗಲು ದೊಡ್ಡ ಗಾಡಿಗೆ ನಗರದೊಳಗೆ ಬಿಡುವುದಿಲ್ಲ. ರಾತ್ರಿ ಹೊರಟು, ಸುತ್ತಿ ಬಳಸಿ, ಬೆಳಗಾಗುವಷ್ಟರಲ್ಲಿ ತಲುಪಿದರೆ ಪುಣ್ಯ. ಅದಕ್ಕೇ ಎಷ್ಟೋ ಸಲ ರೈಲಿನ ಸಹವಾಸವೇ ಬೇಡ ಅಂತ ನೇರ ಚೆನ್ನೈಗೆ ರಸ್ತೆಯಲ್ಲೇ ಕಳಿಸುತ್ತೇವೆ. ದಾಬಸ್‌ಪೇಟೆಯಲ್ಲೇ ಕಸ್ಟಮ್ಸ್ ಮುಗಿದು ಕಂಟೇನರ್ ರೈಲು ಹತ್ತಿದರೆ ನಮಗೆ ಒಂದು ದಿನ ಉಳಿಯುತ್ತದೆ. ಕಾಯಿ ಬೆಳೆಯುವ ರೈತನಿಗೂ ಅದರ ಪಾಲು ಬರಬೇಕು.

ಹಳೇ ಬೆಂಗಳೂರಿಗ
ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾಗಿದ್ದು ಬೆಂಗಳೂರಿನಲ್ಲೇ, 1981ರಲ್ಲಿ. ಸಮುದ್ರ ಇಲ್ಲದ ಊರಿಗೆ ಬಂದರು ತಂದುಕೊಟ್ಟ ಹಾಗೆ ಅಂತ ಆಗ ಹೇಳುತ್ತಿದ್ದರು. ಆಮೇಲೆ ಅದು ವೈಟ್‌ಫೀಲ್ಡ್‌ಗೆ ಹೋಯಿತು. ಆಗ ವೈಟ್‌ಫೀಲ್ಡ್ ಅಂದರೆ ಊರಾಚೆ. ಈಗ ನೋಡಿ, ಸುತ್ತ ಐಟಿ ಕಂಪನಿ, ಅಪಾರ್ಟ್‌ಮೆಂಟ್, ಮೆಟ್ರೋ.

ಇನ್ನೂ ಹಿಂದೆ ಹೋದರೆ ಮೆಜೆಸ್ಟಿಕ್ ಹತ್ತಿರದ ಗೂಡ್ಸ್ ಶೆಡ್ ರಸ್ತೆ. ನಮ್ಮ ತಾತ ಅಲ್ಲಿಂದ ಎತ್ತಿನ ಗಾಡಿಯಲ್ಲಿ ಚಿಕ್ಕಪೇಟೆಗೆ ಬಟ್ಟೆಯ ಬೇಲು ತರುತ್ತಿದ್ದರಂತೆ. ಈಗ ಹೆಸರೂ ಬದಲಾಗಿ ಟಿಸಿಎಂ ರಾಯನ್ ರಸ್ತೆ ಆಗಿದೆ. ಹಳಬರು ಮಾತ್ರ ಗೂಡ್ಸ್ ಶೆಡ್ ರೋಡ್ ಅನ್ನುತ್ತೇವೆ.

ನನ್ನ ಮಾತು ಇಷ್ಟೇ. ಶೆಡ್ ಮೊದಲು ಬರುತ್ತದೆ, ಊರು ಅದರ ಹಿಂದೆಯೇ ಬರುತ್ತದೆ. ಆಮೇಲೆ ಊರಿನವರೇ ಲಾರಿ ಬೇಡ ಅನ್ನುತ್ತಾರೆ, ಶೆಡ್ ಇನ್ನೂ ಹತ್ತಿಪ್ಪತ್ತು ಮೈಲಿ ಆಚೆ ಹೋಗುತ್ತದೆ. ದಾಬಸ್‌ಪೇಟೆಯಲ್ಲೂ ಅದೇ ಆಗಬಾರದು ಅಂದರೆ ಸುತ್ತಮುತ್ತ ಲೇಔಟ್‌ಗೆ ಅನುಮತಿ ಕೊಡುವುದನ್ನು ಈಗಲೇ ತಡೆಯಬೇಕು.

ಸೈಟ್ ತಗೊಂಡವ
ಅದು ಹೇಳಲು ಸುಲಭ ಸಾರ್. ನಾನು ಇಪ್ಪತ್ತು ವರ್ಷದ ಸಂಬಳ ಕೂಡಿಟ್ಟು ಅಲ್ಲೇ ಒಂದು ಸೈಟು ತೆಗೆದುಕೊಂಡಿದ್ದೇನೆ. ಕೇಂದ್ರ ಬರುತ್ತದೆ, ಬೆಲೆ ಏರುತ್ತದೆ ಅಂತ ಹೇಳಿಯೇ ಮಾರಿದರು. ಪಕ್ಕದಲ್ಲಿ ರಾತ್ರಿಯಿಡೀ ಕ್ರೇನ್ ಓಡುತ್ತದೆ ಅಂತ ಯಾರೂ ಹೇಳಲಿಲ್ಲ.

ಹಳೇ ಬೆಂಗಳೂರಿಗ
ನಿಮ್ಮ ನೋವು ಅರ್ಥವಾಗುತ್ತದೆ. ನಿಮ್ಮಂಥವರು ಇನ್ನೂ ಸಾವಿರ ಜನ ಆಗಬಾರದು ಅಂತಲೇ ಹೇಳಿದ್ದು.

ಮಿಲ್ಟನ್ ಕನ್ನಡತಿ
ಕೆನಡಾದಿಂದ ಬರೆಯುತ್ತಿದ್ದೇನೆ, ಹುಟ್ಟಿದ್ದು ತಿಪಟೂರು. ನಾವಿರುವ ಮಿಲ್ಟನ್ ಊರಿನಲ್ಲಿ ಇದೇ ಜಗಳ ವರ್ಷಗಟ್ಟಲೆ ನಡೆಯಿತು. ಟೊರೊಂಟೊ ಪಕ್ಕದ ಊರು ಇದು. 2001ರಲ್ಲಿ 31 ಸಾವಿರ ಜನ ಇದ್ದರು, 2021ಕ್ಕೆ 1 ಲಕ್ಷ 33 ಸಾವಿರ. ಸಿಎನ್ ರೈಲ್ವೆ 2015ರಲ್ಲಿ ಇಲ್ಲಿ 400 ಎಕರೆ ಕಂಟೇನರ್ ಕೇಂದ್ರ ಕಟ್ಟುತ್ತೇವೆ ಅಂತ ಹೇಳಿತು, 25 ಕೋಟಿ ಡಾಲರ್ ಯೋಜನೆ. ಬ್ರಾಂಪ್ಟನ್‌ನಲ್ಲಿರುವ ಹಳೆಯ ಕೇಂದ್ರ ತುಂಬಿಹೋಗುತ್ತಿದೆ, ಸರಕು ಕೊಳ್ಳುವ ಜನ ಇಲ್ಲೇ ಇದ್ದಾರೆ, ರೈಲು ಹತ್ತಿರ ಬಂದಷ್ಟೂ ಲಾರಿ ಓಡುವ ದೂರ ಕಡಿಮೆ. ಇದು ಅವರ ವಾದ. ನಿಮ್ಮಲ್ಲಿ ಹೇಳುತ್ತಿರುವುದೂ ಹೆಚ್ಚು ಕಡಿಮೆ ಇದೇ ಅಲ್ವಾ?

ಊರಿನವರು ಕೇಳಿದ್ದು ದಿನಕ್ಕೆ 800 ಲಾರಿಯ ಬಗ್ಗೆ. ಹೊಗೆ, ಸದ್ದು, ಹತ್ತಿರದ ಮನೆ ಮತ್ತು ಶಾಲೆ. ಬಹಿರಂಗ ವಿಚಾರಣೆ ವಾರಗಟ್ಟಲೆ ನಡೆಯಿತು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಆದರೆ 325 ಷರತ್ತು ಹಾಕಿ. ಅದರ ಮೇಲೂ ಕೋರ್ಟಿಗೆ ಹೋದರು.

ನಾನು ಆಗ ಕಲಿತದ್ದು ಒಂದು. ಷರತ್ತು ಒಪ್ಪಿಗೆಗೆ ಮೊದಲು ಬರೆಸಬೇಕು. ಸದ್ದು ಅಳೆಯುವುದು ಯಾರು, ಯಾವ ಮನೆ ಹತ್ತಿರ, ಎಷ್ಟು ತಿಂಗಳಿಗೊಮ್ಮೆ, ಹೀಗೆ ಬಿಡಿಸಿ ಬರೆಸಬೇಕು. "ಸೂಕ್ತ ಕ್ರಮ ತೆಗೆದುಕೊಳ್ಳಲಾಗುವುದು" ಅನ್ನುವ ಸಾಲು ಒಪ್ಪಲೇಬೇಡಿ.

ಟಾರ್ಪಾಲು
325 ಷರತ್ತಾ! ನಮ್ಮಲ್ಲಿ ಐದು ಸಿಕ್ಕರೆ ಸಾಕು ಅಕ್ಕ.

ಮಿಲ್ಟನ್ ಕನ್ನಡತಿ
ಐದೇ ಆಗಲಿ, ಬರಹದಲ್ಲಿ ಇರಲಿ.

ಮೂಟೆಯ ಮಗಳು
ಕೆಲಸದ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ನಮ್ಮಪ್ಪ ಗೂಡ್ಸ್ ಶೆಡ್‌ನಲ್ಲಿ ಇಪ್ಪತ್ತಾರು ವರ್ಷ ಹಮಾಲಿ.

2,600 ಟನ್ ಅಂದಿರಿ. 50 ಕೆಜಿ ಮೂಟೆ ಲೆಕ್ಕದಲ್ಲಿ ಅದು 52,000 ಮೂಟೆ. ಒಂದೊಂದೂ ಒಬ್ಬರ ಬೆನ್ನ ಮೇಲೆ ಇಳಿಯುತ್ತದೆ. ರೇಕ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಮೇಸ್ತ್ರಿ ಫೋನ್ ಬಂದರೆ ಊಟದ ತಟ್ಟೆ ಬಿಟ್ಟು ಏಳಬೇಕು. ಅಪ್ಪ ಗೋಣಿಚೀಲ ಮಡಿಸಿ ಮುಸುಕಿನ ಹಾಗೆ ತಲೆ ಮೇಲೆ ಹಾಕಿಕೊಂಡು ಹೊರಡುತ್ತಿದ್ದರು. ಸಿಮೆಂಟ್ ರೇಕ್ ಬಂದ ಮರುದಿನ ಬೆಳಿಗ್ಗೆ ಮನೆಗೆ ಬಂದಾಗ ರೆಪ್ಪೆ ಕೂದಲೆಲ್ಲ ಬೂದಿ ಬಣ್ಣ. ಅಮ್ಮ ಮೊದಲು ಕಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದಳು, ಆಮೇಲೆ ನೀರು. ನೇರ ನೀರು ಹಾಕಿದರೆ ಸಿಮೆಂಟ್ ಗಟ್ಟಿಯಾಗುತ್ತದೆ ಅಂತ ಅವಳ ನಂಬಿಕೆ.

ಆ ಶೆಡ್‌ನಲ್ಲಿ ಕುಡಿಯುವ ನೀರಿನ ನಲ್ಲಿ ಒಂದು. ಶೌಚಾಲಯಕ್ಕೆ ಬೀಗ. ಗೋಧಿ ರೇಕ್ ಬಂದಾಗ ಉದುರಿದ್ದು ಗುಡಿಸಲು ಹೆಂಗಸರು ಬರುತ್ತಿದ್ದರು. ಅವರು ಎಲ್ಲಿ ಹೋಗಬೇಕು? ಅಪ್ಪನ ಕೆಮ್ಮು ಇವತ್ತಿಗೂ ನಿಂತಿಲ್ಲ.

ಹೊಸ ಕೇಂದ್ರದಲ್ಲಿ ಕಂಟೇನರ್ ಬರುತ್ತದೆ, ಕ್ರೇನ್ ಎತ್ತುತ್ತದೆ. ಬೆನ್ನಿಗೆ ಒಳ್ಳೆಯದು, ಖಂಡಿತ. ಆದರೆ "ಊರಿಗೆ ಸಾವಿರಾರು ಕೆಲಸ" ಅನ್ನುವಾಗ ಯಾವ ಕೆಲಸ ಅಂತ ಬಿಡಿಸಿ ಹೇಳಲಿ. ಕ್ರೇನ್ ಓಡಿಸಲು ನಮ್ಮ ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಾರಾ? ಇಲ್ಲ ಗೇಟ್ ಕಾಯುವ ಕೆಲಸ ಮಾತ್ರ ನಮಗಾ?

ಎಂಟೂವರೆ ಗಾಡಿ
ಅಕ್ಕ, ಇದನ್ನು ಓದಿ ಏನು ಬರೆಯಬೇಕು ಅಂತಲೇ ತೋಚಲಿಲ್ಲ. ದಿನಾ ಆ ಶೆಡ್‌ಗಳನ್ನು ಕಿಟಕಿಯಿಂದ ನೋಡುತ್ತೇನೆ.

ಹಸಿರು ಬಾವುಟ
ತಂಗಿ, ನೀನು ಹೇಳಿದ್ದು ನೂರಕ್ಕೆ ನೂರು ನಿಜ. ರೇಕ್ ಬಿಡುಗಡೆಯಾದ ಗಂಟೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಖಾಲಿ ಮಾಡಿದವರ ಬಗ್ಗೆ ಬರೆಯಲು ಅದರಲ್ಲಿ ಕಾಲಮ್ಮೇ ಇರಲಿಲ್ಲ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಮ್ಮ.

ಕಡತ ಓದುವವ
ಇಲ್ಲಿ ಇನ್ನೊಂದು ವಿಷಯ ಸೇರಿಸುತ್ತೇನೆ. 2021ರ ಡಿಸೆಂಬರ್‌ನಲ್ಲಿ ಗತಿ ಶಕ್ತಿ ಕಾರ್ಗೋ ಟರ್ಮಿನಲ್ ನೀತಿ ಬಂತು. ಖಾಸಗಿಯವರು ತಮ್ಮ ಜಾಗದಲ್ಲೇ ಟರ್ಮಿನಲ್ ಕಟ್ಟಬಹುದು, ರೈಲ್ವೆ ಲೈನ್ ಜೋಡಿಸಿಕೊಡುತ್ತದೆ. ಅಂದರೆ ಮುಂದೆ ಇಂಥ ಶೆಡ್‌ಗಳು ಇನ್ನಷ್ಟು ಬರುತ್ತವೆ. ನೀರು, ಶೌಚಾಲಯ, ವಿಶ್ರಾಂತಿ ಕೊಠಡಿ ಯಾರ ಹೊಣೆ ಅನ್ನುವುದು ಇಲ್ಲೇ ತೀರ್ಮಾನವಾದರೆ ಮುಂದಿನವಕ್ಕೂ ದಾರಿ.

ಕರಾವಳಿಯವ
ನಮ್ಮ ಕಡೆ ಇನ್ನೊಂದು ಉಪಾಯ ಉಂಟು. ಲಾರಿಯನ್ನೇ ರೈಲಿಗೆ ಹತ್ತಿಸುವುದು! ಕೊಂಕಣ ರೈಲ್ವೆಯವರು 1999ರಿಂದ ಮಾಡುತ್ತಿದ್ದಾರೆ, ಮೊದಲು ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ಸುರತ್ಕಲ್‌ವರೆಗೆ. ಘಟ್ಟದ ತಿರುವು ಇಲ್ಲ, ಟಯರ್ ಸವೆಯುವುದಿಲ್ಲ, ಡ್ರೈವರ್ ಕ್ಯಾಬಿನ್‌ನಲ್ಲಿ ಮಲಗಿ ಹೋಗಬಹುದು. ನೋಡಲಿಕ್ಕೂ ಚಂದ ಮಾರಾಯ್ರೆ.

ಟಾರ್ಪಾಲು
ನಮ್ಮಲ್ಲೂ ಶುರು ಮಾಡಿದ್ದರು. 2020ರ ಆಗಸ್ಟ್ 30ಕ್ಕೆ ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆ ಸ್ಟೇಷನ್‌ಗೆ, 682 ಕಿಲೋಮೀಟರ್. ಒಂದು ಗಾಡಿಯಲ್ಲಿ 42 ಲಾರಿ. ಐಡಿಯಾ ಒಳ್ಳೆಯದೇ. ಆದರೆ ಲಾರಿಯವನು ಎರಡೇ ವಿಷಯ ನೋಡುತ್ತಾನೆ. ಟನ್ನಿಗೆ ಎಷ್ಟು, ಮತ್ತು ಇಂಥ ದಿನ ತಲುಪುತ್ತದೆ ಅಂತ ಖಾತ್ರಿ ಇದೆಯಾ. ಗೂಡ್ಸ್ ಗಾಡಿ ಸರಾಸರಿ ಗಂಟೆಗೆ 25 ಕಿಲೋಮೀಟರ್ ಓಡಿದರೆ ನನಗೆ ಅದು ಸಾಲದು. ಉತ್ತರದಲ್ಲಿ ಸರಕಿಗೇ ಬೇರೆ ಲೈನ್ ಹಾಕಿದ್ದಾರೆ, ದಾದ್ರಿಯಿಂದ ನವಿ ಮುಂಬೈ ಬಂದರಿಗೆ 1,506 ಕಿಲೋಮೀಟರ್. ನಮ್ಮಲ್ಲಿ ಗೂಡ್ಸ್ ಗಾಡಿಯೂ ವಂದೇ ಭಾರತೂ ಒಂದೇ ಹಳಿ ಮೇಲೆ.

ಇನ್ನೊಂದು ಮಾತು. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದ ಮೇಲೆ ಭಾರಿ ವಾಹನಕ್ಕೆ ಮತ್ತೆ ಬಿಟ್ಟಿದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ನಾವೆಲ್ಲ ಕೆಳಗಿನ ರಸ್ತೆಯಲ್ಲಿ ಒಂದರ ಹಿಂದೆ ಒಂದು. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಮರಗಟ್ಟುತ್ತಿತ್ತು. ಬೆಂಗಳೂರಿಗೆ ಹೋಗುವ ದಾರಿ ಒಂದೇ ಇದ್ದರೆ ಏನಾಗುತ್ತದೆ ಅಂತ ಆಗ ಕಂಡೆವು. ಅದಕ್ಕೇ ರೈಲು ಬೇಡ ಅಂತ ನಾನು ಯಾವತ್ತೂ ಹೇಳಲ್ಲ.

ರಾಗಿ ತೆನೆ
ಜಮೀನು ಹೋದವರ ಬಗ್ಗೆಯೂ ಒಂದು ಮಾತು. ನಮ್ಮದು ಬೇರೆ ಯೋಜನೆಗೆ ಹೋಗಿದ್ದು, ಎರಡು ಎಕರೆ ಮೂವತ್ತು ಗುಂಟೆ. ನೋಟಿಸ್ ಬಂದ ದಿನದಿಂದ ಜಮೀನು ನಮ್ಮ ಕೈಲೂ ಇಲ್ಲ, ಅವರ ಕೈಲೂ ಇಲ್ಲ. ಬೋರ್‌ವೆಲ್ ಹಾಕಿಸಲು ಸಾಲ ಸಿಗಲಿಲ್ಲ. ಹುಣಸೆ ಮರಕ್ಕೆ ಲೆಕ್ಕ ಹಾಕಿದ್ದು ಸೌದೆಯ ಬೆಲೆ, ಪ್ರತಿ ವರ್ಷ ಕೊಡುತ್ತಿದ್ದ ಹಣ್ಣಿನ ಬೆಲೆ ಅಲ್ಲ. ಸಭೆಯಲ್ಲಿ ಇದನ್ನೂ ಕೇಳಿ: ಸುತ್ತಮುತ್ತ ಇನ್ನೆಷ್ಟು ಜಮೀನು ಬೇಕು, ಯಾವ ಸರ್ವೆ ನಂಬರ್ ಅಂತ ಈಗಲೇ ಹೇಳಿಬಿಡಿ ಅಂತ. ಬಿತ್ತಬೇಕೋ ಬೇಡವೋ ಅಂತ ಕಾಯುತ್ತಾ ಕೂರುವುದು ಎಲ್ಲಕ್ಕಿಂತ ಕಷ್ಟ.

ಸೈಟ್ ತಗೊಂಡವ
ಇದು ಸೈಟ್‌ನವರಿಗೂ ಅನ್ವಯಿಸುತ್ತದೆ. ನಕ್ಷೆ ಪಂಚಾಯಿತಿ ಗೋಡೆಯ ಮೇಲೆ ಅಂಟಿಸಲಿ.

ಎಂಟೂವರೆ ಗಾಡಿ
ವಿಷಯ ಬಿಟ್ಟು ಒಂದು ಮಾತು. ಸಭೆ ಮುಗಿಸಿ ತುಮಕೂರು ಕಡೆ ಹೋಗುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಬರಬೇಡಿ.

ಮಿಲ್ಟನ್ ಕನ್ನಡತಿ
ಅಯ್ಯೋ, ಇಲ್ಲಿ ಮೈನಸ್ ಎಂಟು ಡಿಗ್ರಿ. ತಟ್ಟೆ ಇಡ್ಲಿ ನೆನಪು ಮಾಡಬೇಡಿ!

ಶಿವಗಂಗೆ ಪಕ್ಕ
ಸಭೆ ಮುಗಿಯಿತು, ಈಗಷ್ಟೇ ಮನೆಗೆ ಬಂದೆ. ಜನ ಚೆನ್ನಾಗಿಯೇ ಸೇರಿದ್ದರು. ಮೊದಲ ಅರ್ಧ ಗಂಟೆ ಬೀದಿ ದೀಪದ ಜಗಳ. ಆಮೇಲೆ ನಾನು ಎದ್ದು ನಿಂತು ಟಾರ್ಪಾಲು ಅಣ್ಣನ ಎರಡು ನಿಮಿಷದ ಲೆಕ್ಕ ಹೇಳಿದೆ. ಇಡೀ ಸಭೆ ನಿಶ್ಶಬ್ದವಾಯಿತು. ಅಲ್ಲಿಯವರೆಗೆ ಯಾರೂ ಲಾರಿಯನ್ನು ಹಾಗೆ ಎಣಿಸಿರಲಿಲ್ಲ.

ಕೇಂದ್ರ ಬೇಡ ಅಂತ ಯಾರೂ ಹೇಳಲಿಲ್ಲ. ಅದೊಂದು ನನಗೆ ಸಮಾಧಾನ, ನನಗೂ ಅದು ಬೇಕು. ಶೆಡ್ ಗೇಟಿನಿಂದ ಹೆದ್ದಾರಿಗೆ ಬೇರೆ ರಸ್ತೆ, ಒಳಗಡೆ ಲಾರಿ ನಿಲ್ಲಲು ಜಾಗ, ನಕ್ಷೆ ಗೋಡೆಗೆ, ಶಾಲೆ ಹತ್ತಿರ ಮೇಲ್ದಾರಿ, ತರಬೇತಿ, ಹೀಗೆ ಒಂದೊಂದಾಗಿ ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಮೂರೂ ಸಂಸ್ಥೆಗಳಿಗೆ ಪ್ರತ್ಯೇಕ ಪತ್ರ ಹೋಗಬೇಕು ಅಂತ ಕಡತ ಓದುವವ ಸಾರ್ ಹೇಳಿದ್ದನ್ನೂ ಬರೆಸಿದೆ. ಪುಟದ ಫೋಟೋ ತೆಗೆದುಕೊಂಡಿದ್ದೇನೆ.

ಮೂಟೆಯ ಮಗಳು
ಅಣ್ಣ, ನೀರು ಮತ್ತು ಶೌಚಾಲಯ?

ಶಿವಗಂಗೆ ಪಕ್ಕ
ಮೊದಲನೆಯ ಸಾಲೇ ಅದು ತಂಗಿ. ಹೆಂಗಸರಿಗೆ ಬೇರೆ ಅಂತಲೂ ಬರೆಸಿದ್ದೇನೆ, ಬೀಗ ಹಾಕಬಾರದು ಅಂತಲೂ.